ಸಾಸಿವೆ ಗಾತ್ರದ ದುಂಬಿಗೆ ಒಂದು ಹೆಸರು

ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಭತ್ತ, ಕಬ್ಬಿನ ಗದ್ದೆಗಳ ನಡುವೆ ಹಿಪ್ಪುನೇರಳೆ ತೋಟಗಳು ಕಾಣಸಿಗುತ್ತವೆ. ಬೇಸಿಗೆಯಲ್ಲಿ ಇಂಥ ತೋಟದೊಳಗೆ ನಡೆದು ನೋಡಿ. ಕೆಲವು ಗಿಡಗಳ ತುದಿ ಚಿಗುರು ಮುರುಟಿಕೊಂಡಿರುತ್ತದೆ. ಎಲೆಗಳು ಸುಕ್ಕುಗಟ್ಟಿ ಕಡುಹಸಿರಾಗಿರುತ್ತವೆ. ಕಾಂಡದ ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ತುದಿ ದಪ್ಪನಾಗಿ ಮುದ್ದೆಯಂತೆ ಕಾಣುತ್ತದೆ. ರೇಷ್ಮೆ ಬೆಳೆಗಾರರು ಇದನ್ನು ‘ಟುಕ್ರಾ’ ಎನ್ನುತ್ತಾರೆ. ಮುರುಟಿದ ಎಲೆಯನ್ನು ಬಿಡಿಸಿದರೆ ಒಳಗೆ ಬಿಳಿಯ ಹಿಟ್ಟು ಮೆತ್ತಿಕೊಂಡ ಗುಲಾಬಿ ಬಣ್ಣದ ಮೆತ್ತನೆಯ ಕೀಟಗಳಿರುತ್ತವೆ. ಇವೇ ಗುಲಾಬಿ ಹಿಟ್ಟು ತಿಗಣೆಗಳು.

ಬೇರೆ ಬೆಳೆಯಾಗಿದ್ದರೆ ರೈತ ಕೀಟನಾಶಕ ಸಿಂಪಡಿಸಿ ಮುಂದಕ್ಕೆ ಹೋಗಬಹುದಿತ್ತು. ಆದರೆ ಹಿಪ್ಪುನೇರಳೆ ಎಲೆಯನ್ನು ತಿನ್ನುವುದೂ ಒಂದು ಕೀಟವೇ. ಎಲೆಯ ಮೇಲೆ ವಿಷದ ಅಂಶ ಉಳಿದಿದ್ದರೆ ಚಂದ್ರಿಕೆ ಏರಬೇಕಾದ ರೇಷ್ಮೆ ಹುಳು ತಟ್ಟೆಯಲ್ಲೇ ಸಾಯುತ್ತದೆ. ಹಾಗಾಗಿ ಟುಕ್ರಾ ಹತೋಟಿಗೆ ತಜ್ಞರು ಸೂಚಿಸುತ್ತ ಬಂದಿರುವ ಉಪಾಯಗಳಲ್ಲಿ ಮುಖ್ಯವಾದದ್ದು ತಿಗಣೆಯನ್ನು ತಿನ್ನುವ ಗುಲಗಂಜಿ ದುಂಬಿಗಳನ್ನು ತೋಟಕ್ಕೆ ಬಿಡುವುದು. ಎಕರೆಗೆ ಕ್ರಿಪ್ಟೊಲೀಮಸ್ ಮೊಂಟ್ರೂಝಿಯರಿ ಎಂಬ ದುಂಬಿಯಾದರೆ 250, ಸಿಮ್ನಸ್ ಕಾಕ್ಸಿವೋರ ಎಂಬ ದುಂಬಿಯಾದರೆ 500 ಎಂಬುದು ಶಿಫಾರಸು. ಈ ಎರಡನೆಯ ದುಂಬಿ ಸಾಸಿವೆ ಕಾಳಿಗಿಂತ ದೊಡ್ಡದಲ್ಲ, ಅದರ ಉದ್ದ ಎರಡು ಮಿಲಿಮೀಟರಿನ ಆಸುಪಾಸು.

ಶಿಫಾರಸಿನ ಹಾಳೆಯಲ್ಲಿ ‘ಒಂದು ಬಗೆಯ ಸಣ್ಣ ಹುಳು’ ಎಂದಷ್ಟೇ ಬರೆದಿದ್ದರೆ ಏನಾಗುತ್ತಿತ್ತು? ಯಾವ ಹುಳುವನ್ನು ಸಾಕಬೇಕು, ಯಾವುದನ್ನು ಬಿಡಬೇಕು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ಒಂದು ಖಚಿತವಾದ ಹೆಸರಿದೆ ಎಂಬ ಕಾರಣದಿಂದಲೇ ಇದೆಲ್ಲ ಸಾಧ್ಯವಾಗಿದೆ. ಆ ಹೆಸರು ಬಂದ ಬಗೆಯನ್ನೂ, ಹೆಸರಿಡುವುದರಲ್ಲಿ ತಪ್ಪಾದರೆ ಆಗುವ ಪರಿಣಾಮವನ್ನೂ ಇಲ್ಲಿ ನೋಡೋಣ.

1925ರ ಒಂದು ಸಣ್ಣ ಬರಹ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದ ಕೃಷಿ ಇಲಾಖೆಗಳು ಕೀಟಶಾಸ್ತ್ರಜ್ಞರನ್ನು ನೇಮಿಸಿಕೊಳ್ಳತೊಡಗಿದವು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಬಂದರು. ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಕನ್ನಂಬಾಡಿಯ ನೀರು ಬಂದ ಮೇಲೆ ಮಂಡ್ಯದ ಕಬ್ಬು ಮತ್ತು ಸಕ್ಕರೆಯ ಕೃಷಿ ರೂಪುಗೊಂಡದ್ದರಲ್ಲಿ ಅವರ ಪಾಲು ದೊಡ್ಡದು. ಪಕ್ಕದ ಮದ್ರಾಸು ಪ್ರಾಂತ್ಯದಲ್ಲಿ ಟಿ. ಬೇನ್‌ಬ್ರಿಗ್ ಫ್ಲೆಚರ್ 1914ರಲ್ಲಿ ದಕ್ಷಿಣ ಭಾರತದ ಕೀಟಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಹೊರತಂದರು. ಕೊಯಮತ್ತೂರಿನಲ್ಲಿ ಕೆಲಸ ಮಾಡುತ್ತಿದ್ದ ಟಿ.ವಿ. ರಾಮಕೃಷ್ಣ ಅಯ್ಯರ್ ಇದೇ ಪರಂಪರೆಯವರು. 1940ರಲ್ಲಿ ಪ್ರಕಟವಾದ ಅವರ ದಕ್ಷಿಣ ಭಾರತದ ಆರ್ಥಿಕ ಕೀಟಶಾಸ್ತ್ರದ ಕೈಪಿಡಿ ಹಲವು ತಲೆಮಾರಿನ ಕೃಷಿ ವಿದ್ಯಾರ್ಥಿಗಳಿಗೆ ಪಠ್ಯವಾಗಿತ್ತು.

ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳ ಗುಂಪು ಅಯ್ಯರ್ ಅವರ ವಿಶೇಷ ಆಸಕ್ತಿಯಾಗಿತ್ತು. ಈ ತಿಗಣೆಗಳ ಗುಂಪಿನ ನಡುವೆ ಓಡಾಡಿಕೊಂಡು ಅವುಗಳನ್ನೇ ತಿನ್ನುವ ಪುಟ್ಟ ಗುಲಗಂಜಿ ದುಂಬಿಯೊಂದು ಅವರ ಗಮನಕ್ಕೆ ಬಂತು. ಆವರೆಗೆ ಯಾರೂ ಅದನ್ನು ವಿವರಿಸಿರಲಿಲ್ಲ. 1925ರಲ್ಲಿ ಮುಂಬಯಿ ನಿಸರ್ಗ ಚರಿತ್ರೆ ಸಂಘದ ನಿಯತಕಾಲಿಕದಲ್ಲಿ ಎರಡು ಪುಟದ ಬರಹವೊಂದರಲ್ಲಿ ಅವರು ಅದನ್ನು ವಿವರಿಸಿ ‘ಸಿಮ್ನಸ್ ಕಾಕ್ಸಿವೋರ’ ಎಂದು ಹೆಸರಿಟ್ಟರು. ‘ಕಾಕ್ಸಿಡ್’ ಎಂದರೆ ಶಲ್ಕ ಕೀಟ, ಹಿಟ್ಟು ತಿಗಣೆಗಳ ಗುಂಪು. ‘ವೋರ’ ಎಂದರೆ ತಿನ್ನುವಂಥದ್ದು. ಹುಳುವಿನ ಕಸುಬೇ ಅದರ ಹೆಸರಾಯಿತು.

ಇದರಿಂದ ಆದ ಲಾಭವೇನು? ಮುಂದೆ ದ್ರಾಕ್ಷಿ, ಹಿಪ್ಪುನೇರಳೆ ಮುಂತಾದ ಬೆಳೆಗಳಲ್ಲಿ ಇದೇ ದುಂಬಿಯನ್ನು ಕಂಡವರೆಲ್ಲ ತಮ್ಮ ಅವಲೋಕನಗಳನ್ನು ಒಂದೇ ಹೆಸರಿನಡಿ ಬರೆದಿಟ್ಟರು. ಅದು ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ದಿನ ಬದುಕುತ್ತದೆ, ಯಾವ ತಿಗಣೆಯನ್ನು ಇಷ್ಟಪಡುತ್ತದೆ ಎಂಬ ಮಾಹಿತಿ ಒಂದೆಡೆ ಕೂಡಿತು. ವೈಜ್ಞಾನಿಕ ಹೆಸರು ಎಂಬುದು ಒಂದು ಗೂಟವಿದ್ದಂತೆ. ಆ ಹುಳುವಿನ ಬಗೆಗಿನ ಎಲ್ಲ ತಿಳಿವಳಿಕೆಯನ್ನೂ ಅದಕ್ಕೆ ನೇತುಹಾಕಬಹುದು. ಗೂಟವೇ ಇಲ್ಲದಿದ್ದರೆ ತಿಳಿವಳಿಕೆ ಚೆದುರಿಹೋಗುತ್ತದೆ.

ಹೆಸರಿನ ಬಾಲದಲ್ಲಿ ಚರಿತ್ರೆ

ವಿದ್ಯಾರ್ಥಿಗಳು ಒಂದು ವಿಷಯವನ್ನು ಗಮನಿಸಬೇಕು. ಗ್ರಂಥಗಳಲ್ಲಿ ಈ ದುಂಬಿಯ ಹೆಸರನ್ನು ‘ಸಿಮ್ನಸ್ ಕಾಕ್ಸಿವೋರ ಅಯ್ಯರ್’ ಎಂದು ಬರೆಯುತ್ತಾರೆ. ಕೊನೆಯ ಪದ ಹೆಸರಿಟ್ಟವರದು. ಅದೇ ಗುಲಾಬಿ ಹಿಟ್ಟು ತಿಗಣೆಯ ಹೆಸರನ್ನು ‘ಮ್ಯಾಕೊನೆಲಿಕಾಕಸ್ ಹಿರ್ಸುಟಸ್ (ಗ್ರೀನ್)’ ಎಂದು ಬರೆಯುತ್ತಾರೆ. ಇಲ್ಲಿ ಗ್ರೀನ್ ಅವರ ಹೆಸರು ಆವರಣದೊಳಗೆ ಏಕಿದೆ? ಇ.ಇ. ಗ್ರೀನ್ 1908ರಲ್ಲಿ ಭಾರತದ ಮಾದರಿಗಳಿಂದ ಈ ತಿಗಣೆಯನ್ನು ವಿವರಿಸಿದಾಗ ಅದನ್ನು ಫೆನಕಾಕಸ್ ಎಂಬ ಜಾತಿಯಲ್ಲಿ ಇಟ್ಟಿದ್ದರು. ಅನಂತರ ಬೇರೊಬ್ಬರು ಅದನ್ನು ಬೇರೆ ಜಾತಿಗೆ ವರ್ಗಾಯಿಸಿದರು. ಪ್ರಭೇದದ ಹೆಸರು ಉಳಿಯಿತು, ಜಾತಿಯ ಹೆಸರು ಬದಲಾಯಿತು. ಆವರಣ ಚಿಹ್ನೆ ಈ ವರ್ಗಾವಣೆಯ ಗುರುತು. ಎರಡು ಪದಗಳ ಹೆಸರಿನ ಪದ್ಧತಿಯನ್ನು ಪ್ರಾಣಿಗಳಿಗೆ ಕ್ರಮಬದ್ಧವಾಗಿ ಅಳವಡಿಸಿದ ಕಾರ್ಲ್ ಲಿನೇಯಸ್‌ನ ಗ್ರಂಥದ 1758ರ ಆವೃತ್ತಿಯೇ ಇಂದಿಗೂ ಪ್ರಾಣಿಗಳ ನಾಮಕರಣಕ್ಕೆ ಆರಂಭದ ಗೆರೆ.

ಟುಕ್ರಾ ಹತೋಟಿಯ ಇನ್ನೊಂದು ದುಂಬಿ ಕ್ರಿಪ್ಟೊಲೀಮಸ್‌ನ ಹೆಸರಿನಲ್ಲೂ ಚರಿತ್ರೆ ಅಡಗಿದೆ. ಫ್ರಾನ್ಸಿನ ಲಿಯಾನ್ ನಗರದ ಎಟಿಯೆನ್ ಮ್ಯುಲ್ಸಾಂ 1853ರಲ್ಲಿ ಇದಕ್ಕೆ ಹೆಸರಿಟ್ಟರು. ಪೆಸಿಫಿಕ್ ದ್ವೀಪಗಳಲ್ಲಿ ಕೀಟಗಳನ್ನು ಸಂಗ್ರಹಿಸಿದ ಪಾದ್ರಿ ಮೊಂಟ್ರೂಝಿಯೆ ಅವರ ನೆನಪಿಗೆ ‘ಮೊಂಟ್ರೂಝಿಯರಿ’ ಎಂಬ ಪದ ಬಂತು. ಆಸ್ಟ್ರೇಲಿಯ ಮೂಲದ ಈ ದುಂಬಿಯನ್ನು 1898ರ ಜೂನ್‌ನಲ್ಲಿ ಎಚ್.ಒ. ನ್ಯೂಪೋರ್ಟ್ ಎಂಬುವರು ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು ದಕ್ಷಿಣ ಭಾರತಕ್ಕೆ ತರಿಸಿದರು. ಆ ಕೆಲಸದಲ್ಲಿ ಅದು ಅಷ್ಟಾಗಿ ಗೆಲ್ಲಲಿಲ್ಲ. ಆದರೆ ಇಲ್ಲಿಯ ಹಿಟ್ಟು ತಿಗಣೆಗಳನ್ನು ತಿಂದುಕೊಂಡು ನೆಲೆಯೂರಿತು. ಹೀಗೆ ಮಳವಳ್ಳಿಯ ತೋಟದಲ್ಲಿ ಜೊತೆಗೂಡಿ ಕೆಲಸ ಮಾಡುವ ಎರಡು ದುಂಬಿಗಳಲ್ಲಿ ಒಂದು ಹೊರಗಿನಿಂದ ಬಂದದ್ದು, ಇನ್ನೊಂದು ಈ ನೆಲದ್ದೇ.

ಹೆಸರು ತಪ್ಪಿದಾಗ

ಹುಳುವಿನ ಹೆಸರು ಸ್ವಲ್ಪ ಹೆಚ್ಚುಕಡಿಮೆಯಾದರೆ ಏನು ಮಹಾ ನಷ್ಟ ಎಂದು ಕೇಳಬಹುದು. ಇದಕ್ಕೆ ಉತ್ತರ ನೀರಿನ ಕಳೆಯೊಂದರ ಕಥೆಯಲ್ಲಿದೆ.

ಸಾಲ್ವಿನಿಯ ನೀರಿನ ಮೇಲೆ ತೇಲುವ ಒಂದು ಜರೀಗಿಡ. ದಕ್ಷಿಣ ಅಮೆರಿಕದಿಂದ ಉಷ್ಣವಲಯದ ಹಲವು ದೇಶಗಳಿಗೆ ಹರಡಿದ ಇದು ಕೆರೆ, ಕಾಲುವೆ, ಗದ್ದೆಗಳ ಮೇಲೆ ಚಾಪೆ ಹಾಸಿದಂತೆ ಬೆಳೆಯಿತು. ಕೇರಳದ ಕುಟ್ಟನಾಡಿನಲ್ಲಿ ಭತ್ತದ ಬೆಳೆಗೂ ದೋಣಿ ಸಂಚಾರಕ್ಕೂ ಅಡ್ಡಿಯಾಗಿ, ‘ಆಫ್ರಿಕನ್ ಪಾಯಲ್’ ಎಂಬ ಹೆಸರು ಪಡೆಯಿತು. ವಿಜ್ಞಾನಿಗಳು ಬಹುಕಾಲ ಇದನ್ನು ಸಾಲ್ವಿನಿಯ ಆರಿಕ್ಯುಲೇಟ ಎಂಬ ಪ್ರಭೇದವೆಂದೇ ತಿಳಿದಿದ್ದರು. ಆ ಪ್ರಭೇದದ ಶತ್ರು ಕೀಟಗಳನ್ನು ಹುಡುಕುತ್ತ ಟ್ರಿನಿಡಾಡ್ ದ್ವೀಪಕ್ಕೆ ಹೋದಾಗ ಸಿರ್ಟೊಬೇಗಸ್ ಸಿಂಗ್ಯುಲಾರಿಸ್ ಎಂಬ ಪುಟ್ಟ ಮೂತಿಹುಳು ಸಿಕ್ಕಿತು. ಮೂತಿಹುಳುಗಳೂ ದುಂಬಿಗಳ ಬಳಗದವೇ. ಅದನ್ನು 1970ರ ದಶಕದಲ್ಲಿ ಆಫ್ರಿಕದ ಬೋಟ್ಸ್ವಾನ, ಜಾಂಬಿಯ ಮತ್ತು ಫಿಜಿ ದ್ವೀಪಗಳಲ್ಲಿ ಬಿಟ್ಟರು. ಹುಳು ಬದುಕಿತು, ಆದರೆ ಕಳೆ ಹತೋಟಿಗೆ ಬರಲಿಲ್ಲ.

ತಪ್ಪು ಮೊದಲು ತಿಳಿದದ್ದು ಗಿಡದ ಕಡೆಯಿಂದ. ಡಿ.ಎಸ್. ಮಿಚೆಲ್ 1972ರಲ್ಲಿ ಈ ಕಳೆ ಬೇರೆಯೇ ಪ್ರಭೇದವೆಂದು ತೋರಿಸಿ ಸಾಲ್ವಿನಿಯ ಮೊಲೆಸ್ಟ ಎಂದು ಹೆಸರಿಟ್ಟರು. ಹಾಗಾದರೆ ಅದರ ತವರು ಎಲ್ಲಿ? ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ಒದ ವೆಂಡಿ ಫೋರ್ನೊ ಮತ್ತು ಸಂಗಡಿಗರು 1978ರಲ್ಲಿ ಆಗ್ನೇಯ ಬ್ರೆಜಿಲ್‌ನಲ್ಲಿ ಅದನ್ನು ಪತ್ತೆಹಚ್ಚಿದರು. ಅಲ್ಲಿ ಗಿಡದ ಮೇಲೆ ಎರಡು ಮಿಲಿಮೀಟರ್ ಉದ್ದದ ಕಪ್ಪು ಮೂತಿಹುಳುವೊಂದು ಇತ್ತು. ನೋಡಲು ಟ್ರಿನಿಡಾಡಿನ ಹುಳುವಿನಂತೆಯೇ ಇದ್ದುದರಿಂದ ಅದನ್ನೂ ಸಿಂಗ್ಯುಲಾರಿಸ್ ಎಂದೇ ಕರೆದರು.

1980ರ ಜೂನ್‌ನಲ್ಲಿ ಆಸ್ಟ್ರೇಲಿಯದ ಮೂಂಡಾರ ಸರೋವರದಲ್ಲಿ ಬ್ರೆಜಿಲ್‌ನಿಂದ ತಂದ ಈ ಹುಳುಗಳನ್ನು ಬಿಡಲಾಯಿತು. ಮರುವರ್ಷದ ಆಗಸ್ಟ್ ಹೊತ್ತಿಗೆ ಸುಮಾರು 18 ಸಾವಿರ ಟನ್ ಕಳೆ ನಾಶವಾಗಿತ್ತು. ಆಫ್ರಿಕದಲ್ಲಿ ಸೋತ ‘ಅದೇ’ ಹುಳು ಇಲ್ಲಿ ಗೆದ್ದದ್ದು ಹೇಗೆ? ಮಾದರಿಗಳನ್ನು ಮತ್ತೆ ಸೂಕ್ಷ್ಮವಾಗಿ ನೋಡಿದಾಗ ರಹಸ್ಯ ಬಯಲಾಯಿತು. ಅದು ‘ಅದೇ’ ಹುಳು ಆಗಿರಲಿಲ್ಲ. ಕ್ಯಾಲ್ಡರ್ ಮತ್ತು ಸ್ಯಾಂಡ್ಸ್ 1985ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿ ಸಿರ್ಟೊಬೇಗಸ್ ಸಾಲ್ವಿನಿಯೆ ಎಂದು ಹೆಸರಿಟ್ಟರು. ಹೊರನೋಟಕ್ಕೆ ಎರಡೂ ಒಂದೇ ಬಗೆ. ಆದರೆ ಹೊಸ ಪ್ರಭೇದದ ಮರಿಹುಳು ಗಿಡದ ಕಾಂಡವನ್ನು ಕೊರೆಯುತ್ತ ಸಾಗುತ್ತದೆ, ಪ್ರೌಢಹುಳು ಮೊಗ್ಗನ್ನು ತಿನ್ನುತ್ತದೆ. ಹೀಗೆ ಎರಡೂ ಕಡೆಯಿಂದ ಪೆಟ್ಟು ಬಿದ್ದು ಗಿಡ ಮುಳುಗುತ್ತದೆ. ಪಾಪುವ ನ್ಯೂಗಿನಿಯ ಸೆಪಿಕ್ ನದಿ ಬಯಲಿನಲ್ಲಿ 250 ಚದರ ಕಿಲೋಮೀಟರ್ ಆವರಿಸಿ, ಜನರ ಮೀನುಗಾರಿಕೆ, ಸಂಚಾರಗಳನ್ನೇ ನಿಲ್ಲಿಸಿದ್ದ ಕಳೆಯನ್ನು ಇದೇ ಹುಳು ಕೆಲವೇ ವರ್ಷಗಳಲ್ಲಿ ತೆರವು ಮಾಡಿತು.

ಈ ಕಥೆಗೆ ಕರ್ನಾಟಕದ ನಂಟೂ ಇದೆ. 1982ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆಸ್ಟ್ರೇಲಿಯದಿಂದ ಈ ಮೂತಿಹುಳುವನ್ನು ತರಿಸಿತು. ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಬಿಟ್ಟ 11 ತಿಂಗಳೊಳಗೆ ಸಾಲ್ವಿನಿಯ ಕುಸಿದು ನೈದಿಲೆ ಮತ್ತೆ ಚಿಗುರಿತು. ಅಲ್ಲಿಂದಾಚೆ ಕೇರಳದ ಕಾಲುವೆಗಳಲ್ಲೂ ಈ ಹುಳು ದೊಡ್ಡ ಯಶಸ್ಸು ಕಂಡಿತು. ಗಮನಿಸಿ, ಅದು ಬೆಂಗಳೂರಿಗೆ ಬಂದಿಳಿದಾಗ ಅದಕ್ಕೆ ತನ್ನದೇ ಆದ ಹೆಸರು ಇನ್ನೂ ಬಂದಿರಲಿಲ್ಲ!

ನಮ್ಮ ಕೆರೆಗಳನ್ನು ಮುಚ್ಚುವ ನೀರು ಹಯಸಿಂತ್‌ನ ವಿಷಯದಲ್ಲೂ ಇಂಥದೇ ಸಂಗತಿ ನಡೆದಿದೆ. ಅದನ್ನು ತಿನ್ನುವ ಮೂತಿಹುಳು ಒಂದೇ ಅಲ್ಲ, ಎರಡು ಪ್ರಭೇದಗಳಿವೆ ಎಂಬುದನ್ನು ಅಮೆರಿಕದ ರೋಸ್ ಎಲ್ಲಾ ವಾರ್ನರ್ 1970ರಲ್ಲಿ ಸ್ಪಷ್ಟಪಡಿಸಿ, ಹೊಸದಕ್ಕೆ ನಿಯೋಕೆಟಿನ ಐಕಾರ್ನಿಯೆ ಎಂದು ಹೆಸರಿಟ್ಟರು. 1980ರ ದಶಕದಲ್ಲಿ ಬೆಂಗಳೂರಿನ ಸುತ್ತಲಿನ ಕೆರೆಗಳಿಗೆ ಬಿಟ್ಟ ಹುಳುಗಳಲ್ಲಿ ಇದೂ ಒಂದು.

ಹೊಸ ಪ್ರಭೇದವನ್ನು ವಿವರಿಸುವ ಬಗೆ

ಸಾಸಿವೆ ಗಾತ್ರದ ಹುಳು ಹೊಸದೆಂದು ಹೇಗೆ ತಿಳಿಯುತ್ತದೆ? ಮೊದಲ ಹೆಜ್ಜೆ ಸಂಗ್ರಹ. ಗಿಡದ ಕೆಳಗೆ ಬಿಳಿ ಬಟ್ಟೆ ಹಿಡಿದು ಕೊಂಬೆಯನ್ನು ಮೆಲ್ಲಗೆ ಬಡಿದರೆ ದುಂಬಿಗಳು ಉದುರುತ್ತವೆ. ಎರಡು ನಳಿಗೆಗಳಿರುವ ಸಣ್ಣ ಸೀಸೆಯಿಂದ ಅವನ್ನು ಹೀರಿಕೊಳ್ಳುತ್ತಾರೆ. ಇಷ್ಟು ಸಣ್ಣ ಕೀಟಕ್ಕೆ ಸೂಜಿ ಚುಚ್ಚಲಾಗುವುದಿಲ್ಲ. ದಪ್ಪ ಕಾಗದದ ತ್ರಿಕೋನಾಕಾರದ ಚೂರಿನ ತುದಿಗೆ ಹುಳುವನ್ನು ಅಂಟಿಸಿ, ಆ ಕಾಗದಕ್ಕೆ ಸೂಜಿ ಚುಚ್ಚುತ್ತಾರೆ. ಕೆಳಗೆ ಒಂದು ಚೀಟಿ. ಅದರಲ್ಲಿ ಊರು, ಅಕ್ಷಾಂಶ, ರೇಖಾಂಶ, ದಿನಾಂಕ, ಯಾವ ಗಿಡದ ಮೇಲೆ ಸಿಕ್ಕಿತು, ಹಿಡಿದವರು ಯಾರು ಎಂಬ ವಿವರಗಳು. ಈ ಚೀಟಿ ಇಲ್ಲದ ಹುಳುವಿಗೆ ವಿಜ್ಞಾನದಲ್ಲಿ ಹೆಚ್ಚಿನ ಬೆಲೆಯಿಲ್ಲ.

ಎರಡನೆಯದು ಪರೀಕ್ಷೆ. ಸೂಕ್ಷ್ಮದರ್ಶಕದಡಿ ಮೀಸೆಯ ಗೆಣ್ಣುಗಳನ್ನು ಎಣಿಸುತ್ತಾರೆ. ರೆಕ್ಕೆಗವಚದ ಮೇಲಿನ ಕುಳಿ, ಕೂದಲುಗಳನ್ನು ನೋಡುತ್ತಾರೆ. ಸಿಮ್ನಸ್ ಜಾತಿಯ ದುಂಬಿಗಳಲ್ಲಿ ಹೊಟ್ಟೆಯ ಮೊದಲ ಖಂಡದ ಮೇಲೆ, ಹಿಂಗಾಲಿನ ಬುಡದ ಹಿಂದೆ, ಬಿಲ್ಲಿನಂತೆ ಬಾಗಿದ ಒಂದು ಗೆರೆಯಿರುತ್ತದೆ. ಆ ಗೆರೆ ಪೂರ್ತಿ ಬಾಗಿ ಖಂಡದ ಬುಡವನ್ನು ಮತ್ತೆ ಮುಟ್ಟುತ್ತದೆಯೇ, ಇಲ್ಲ ನಡುವೆಯೇ ನಿಲ್ಲುತ್ತದೆಯೇ ಎಂಬುದರಿಂದ ಉಪಜಾತಿ ನಿರ್ಧಾರವಾಗುತ್ತದೆ. ನಮ್ಮ ಕಾಕ್ಸಿವೋರದಲ್ಲಿ ಅದು ಪೂರ್ತಿ ಬಾಗಿರುತ್ತದೆ. ಆದರೆ ಪ್ರಭೇದವನ್ನು ಗುರುತಿಸಲು ಇಷ್ಟು ಸಾಲದು. ಹೊಟ್ಟೆಯ ಭಾಗವನ್ನು ಬೇರ್ಪಡಿಸಿ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಮಾಂಸವನ್ನು ಕರಗಿಸಿ, ಗಂಡಿನ ಜನನಾಂಗದ ಗಟ್ಟಿ ಭಾಗಗಳನ್ನು ಹೊರತೆಗೆದು ಅವುಗಳ ಆಕಾರವನ್ನು ಹೋಲಿಸಬೇಕು. ಹೊರಗೆ ಒಂದೇ ರೀತಿ ಕಾಣುವ ಎರಡು ಪ್ರಭೇದಗಳು ಅನೇಕ ವೇಳೆ ಇಲ್ಲಿ ಬೇರೆಯಾಗುತ್ತವೆ. 2003ರಿಂದೀಚೆಗೆ ಡಿಎನ್‌ಎಯ ಒಂದು ನಿರ್ದಿಷ್ಟ ತುಣುಕನ್ನು ಓದಿ ಹೋಲಿಸುವ ‘ಬಾರ್‌ಕೋಡ್’ ವಿಧಾನವೂ ನೆರವಿಗೆ ಬಂದಿದೆ. ಆದರೆ ಡಿಎನ್‌ಎಯ ಅಕ್ಷರಗಳು ‘ಇದು ಬೇರೆ’ ಎಂದಷ್ಟೇ ಹೇಳಬಲ್ಲವು. ನೂರು ವರ್ಷಗಳ ಹಿಂದೆ ಯಾರೋ ಹೆಸರಿಟ್ಟದ್ದು ಇದಕ್ಕೇ ಹೌದೇ ಎಂಬುದನ್ನು ಹಳೆಯ ಮಾದರಿಯ ಜೊತೆ ಹೋಲಿಸಿಯೇ ತೀರ್ಮಾನಿಸಬೇಕು.

ಈ ಹೋಲಿಕೆಯೇ ಮೂರನೆಯ ಹಾಗೂ ಕಠಿಣವಾದ ಹೆಜ್ಜೆ. ಪ್ರತಿಯೊಂದು ಹೆಸರೂ ಒಂದು ಮೂಲ ಮಾದರಿಗೆ ಕಟ್ಟುಬಿದ್ದಿರುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಕೀಟಗಳ ಮೂಲ ಮಾದರಿಗಳು ಹೆಚ್ಚಾಗಿ ಲಂಡನ್, ಪ್ಯಾರಿಸ್ ಮೊದಲಾದ ಕಡೆಯ ಸಂಗ್ರಹಾಲಯಗಳನ್ನು ಸೇರಿದವು. ಹೀಗಾಗಿ ಇಲ್ಲಿಯ ಹುಳುವನ್ನು ಗುರುತಿಸಲು ಇಲ್ಲಿಯವರೇ ಹೊರದೇಶಕ್ಕೆ ಬರೆದು ಕಾಯಬೇಕಿತ್ತು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಎ.ಪಿ. ಕಪೂರ್ ಅವರಂಥವರು ಗುಲಗಂಜಿ ದುಂಬಿಗಳ ಅಧ್ಯಯನವನ್ನು ನಮ್ಮ ದೇಶದಲ್ಲೇ ಬೆಳೆಸಿದರು. ಬೆಂಗಳೂರಿನಲ್ಲಿ 1957ರಿಂದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಕೆಲಸ ಮಾಡಿತು. 1993ರಲ್ಲಿ ಆರಂಭವಾದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲೇ ಇದೆ. ಅಲ್ಲಿಯ ವಿಜ್ಞಾನಿಯಾಗಿದ್ದ ಜೆ. ಪೂರಾಣಿ 2002ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಭಾರತ ಉಪಖಂಡದ ಸುಮಾರು 400 ಗುಲಗಂಜಿ ದುಂಬಿ ಪ್ರಭೇದಗಳಿವೆ. ಎಲೆ ತಿನ್ನುವ ಗುಂಪು ಇದರಲ್ಲಿ ಸೇರಿಲ್ಲ.

ಕೊನೆಯ ಹೆಜ್ಜೆ ಪ್ರಕಟಣೆ. ಚಿತ್ರ, ಅಳತೆ, ಹತ್ತಿರದ ಪ್ರಭೇದಗಳಿಂದ ಹೇಗೆ ಬೇರೆ ಎಂಬ ವಿವರಣೆಗಳೊಂದಿಗೆ ಹೆಸರು ಪ್ರಕಟವಾಗಬೇಕು. ಒಂದು ಮಾದರಿಯನ್ನು ಮೂಲ ಮಾದರಿಯೆಂದು ಘೋಷಿಸಿ, ಸಾಮಾನ್ಯವಾಗಿ ಕೆಂಪು ಚೀಟಿ ಹಚ್ಚಿ, ಸಾರ್ವಜನಿಕ ಸಂಗ್ರಹದಲ್ಲಿಡಬೇಕು. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯಿದೆಯಂತೆ ಹೊಸ ಜೀವಿಯನ್ನು ಕಂಡುಹಿಡಿದವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು.

ಇನ್ನೂ ಎಷ್ಟು ಉಳಿದಿವೆ?

ಉಷ್ಣವಲಯದಲ್ಲಿ ಹೆಸರಿಲ್ಲದ ದುಂಬಿಗಳು ಎಷ್ಟಿವೆ ಎಂಬ ಪ್ರಶ್ನೆಗೆ ಟೆರಿ ಅರ್ವಿನ್ 1982ರಲ್ಲಿ ಬೆರಗಿನ ಉತ್ತರ ಕೊಟ್ಟರು. ಪನಾಮಾದಲ್ಲಿ ಒಂದೇ ಪ್ರಭೇದದ 19 ಮರಗಳಿಗೆ ಕೀಟನಾಶಕದ ಹೊಗೆ ಹಾಯಿಸಿದಾಗ ಸುಮಾರು 1,200 ಪ್ರಭೇದದ ದುಂಬಿಗಳು ಉದುರಿದವು. ಇದರ ಆಧಾರದ ಮೇಲೆ ಅವರು ಉಷ್ಣವಲಯದಲ್ಲಿ 3 ಕೋಟಿ ಸಂಧಿಪದಿ ಪ್ರಭೇದಗಳಿರಬಹುದೆಂದು ಅಂದಾಜಿಸಿದರು. ಅನಂತರದ ಅಂದಾಜುಗಳು ಇದಕ್ಕಿಂತ ಬಹಳ ಕಡಿಮೆ. ಆದರೂ ಈವರೆಗೆ ಹೆಸರಿಟ್ಟಿರುವ ದುಂಬಿಗಳು ಸುಮಾರು 4 ಲಕ್ಷ ಮಾತ್ರ. ಕಂಡಿಲ್ಲದವುಗಳಲ್ಲಿ ಬಹುಪಾಲು ತೀರ ಸಣ್ಣವು. ತಿಳಿದಿರುವ ಅತಿ ಸಣ್ಣ ದುಂಬಿ, ನಿಕರಾಗುವದಿಂದ 1999ರಲ್ಲಿ ವಿವರಿಸಲಾದ ಸೈಡೊಸೆಲ ಮುಸವಾಸೆನ್ಸಿಸ್‌ನ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು.

ಹೆಸರಿಡುವ ಕೆಲಸ ಮೊದಲೇ ಆಗಿದ್ದರೆ ಎಷ್ಟು ಉಪಯೋಗ ಎಂಬುದಕ್ಕೆ ಹಿಪ್ಪುನೇರಳೆಯೇ ಇನ್ನೊಂದು ನಿದರ್ಶನ. ಪರಂಗಿ ಹಿಟ್ಟು ತಿಗಣೆ 2008ರಲ್ಲಿ ಭಾರತದಲ್ಲಿ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ಆದರೆ ಆ ತಿಗಣೆಯನ್ನು 1992ರಲ್ಲೇ, ಅದರೊಳಗೆ ಮೊಟ್ಟೆಯಿಡುವ ಅಸೆರೊಫ್ಯಾಗಸ್ ಪಪಾಯೆ ಎಂಬ ಸೂಕ್ಷ್ಮ ಕಣಜವನ್ನು 2003ರಲ್ಲೇ ವಿಜ್ಞಾನಿಗಳು ವಿವರಿಸಿದ್ದರು. ಹಾಗಾಗಿ ಏನನ್ನು, ಎಲ್ಲಿಂದ ತರಬೇಕೆಂಬುದು ಗೊತ್ತಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ಕಣಜ ಬೆಂಗಳೂರಿಗೆ ಬಂತು. ತಿಗಣೆ ಹತೋಟಿಗೆ ಬಂತು.

ತೋಟದಲ್ಲೇ ಒಂದು ಪಾಠ

ಮತ್ತೆ ಮಳವಳ್ಳಿಯ ತೋಟಕ್ಕೆ ಬರೋಣ. ಸಿಮ್ನಸ್ ಮತ್ತು ಕ್ರಿಪ್ಟೊಲೀಮಸ್ ದುಂಬಿಗಳ ಮರಿಗಳ ಮೈಮೇಲೆ ಬಿಳಿಯ ಮೇಣದ ಎಳೆಗಳಿರುತ್ತವೆ. ನೋಡಲು ಅವು ಹಿಟ್ಟು ತಿಗಣೆಯಂತೆಯೇ ಕಾಣುತ್ತವೆ. ತಿಳಿಯದವರು ಇವನ್ನೇ ಪೀಡೆಯೆಂದು ಹೊಸಕಿಹಾಕುವ, ಔಷಧ ಹೊಡೆಯುವ ಸಂಭವವುಂಟು. ಅಂದರೆ ಮೂಂಡಾರ ಸರೋವರದ ವಿಜ್ಞಾನಿಗಳಿಗೆ ಎದುರಾದ ಪ್ರಶ್ನೆಯೇ ಇಲ್ಲಿ ರೈತನಿಗೂ ಎದುರಾಗುತ್ತದೆ: ಒಂದೇ ರೀತಿ ಕಾಣುವ ಎರಡು ಜೀವಿಗಳು ಒಂದೇ ಹೌದೇ?

ಶಿಕ್ಷಕರು ಇದನ್ನು ಸುಲಭವಾದ ಚಟುವಟಿಕೆಯಾಗಿ ಮಾಡಿಸಬಹುದು. ಟುಕ್ರಾ ತಗುಲಿದ ಒಂದು ಚಿಗುರನ್ನು ಕತ್ತರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿದ ಗಾಜಿನ ಸೀಸೆಯಲ್ಲಿಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ದಿನವೂ ನೋಡಿ. ಬಿಳಿ ಜೀವಿಗಳಲ್ಲಿ ನಿಂತಲ್ಲೇ ನಿಂತು ರಸ ಹೀರುವವು ಯಾವುವು, ಚುರುಕಾಗಿ ಓಡಾಡಿ ಇನ್ನೊಂದನ್ನು ತಿನ್ನುವವು ಯಾವುವು ಎಂದು ವಿದ್ಯಾರ್ಥಿಗಳು ಬರೆದಿಡಲಿ. ಕೆಲವು ದಿನಗಳಲ್ಲಿ ಓಡಾಡುವ ಮರಿ ಕೋಶಾವಸ್ಥೆಗೆ ಹೋಗಿ, ಅದರಿಂದ ದುಂಬಿ ಹೊರಬರುವುದನ್ನು ಕಾಣಬಹುದು. ಸೀಸೆಯ ಮೇಲೆ ಊರು, ದಿನಾಂಕ, ಗಿಡದ ಹೆಸರು ಬರೆದ ಚೀಟಿ ಅಂಟಿಸುವುದನ್ನು ಮರೆಯಬೇಡಿ.

ಸಿಕ್ಕಿದ ದುಂಬಿ ಹೊಸ ಪ್ರಭೇದವೇ ಆಗಿರಬೇಕೆಂದಿಲ್ಲ, ಹೆಚ್ಚಾಗಿ ಅದು ಅಯ್ಯರ್ 1925ರಲ್ಲಿ ಹೆಸರಿಟ್ಟದ್ದೇ ಆಗಿರುತ್ತದೆ ಅಥವಾ ಅದರ ಬಂಧುವಾಗಿರುತ್ತದೆ. ಆದರೆ ಅಯ್ಯರ್ ಅವರ ಕೆಲಸ ಆರಂಭವಾದದ್ದೂ ಹೀಗೆಯೇ, ತಿಗಣೆಗಳ ನಡುವೆ ಓಡಾಡುತ್ತಿದ್ದ ಒಂದು ಪುಟ್ಟ ಹುಳುವನ್ನು ಕಂಡು ‘ಇದು ಯಾವುದು?’ ಎಂದು ಕೇಳಿಕೊಂಡದ್ದರಿಂದ.